ಸಾಕ್ಷಿಯಲ್ಲಿ ಬಿಟ್ಟುಹೋದ ಹತ್ತೊಂಬತ್ತು ದಿನ

ಹುಲಗೋಳ
೨೧-೧-೨೦೨೫, ಮಂಗಳವಾರ

ನನ್ನ ಮುದ್ದು ನೇತ್ರಾ,

ಹೇಗಿದ್ದೀ ಮಗಳೇ? ಮಂಗಳೂರಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ತಿಂಡಿ ಬಿಟ್ಟು ಡ್ಯೂಟಿಗೆ ಓಡುವ ಚಾಳಿ ಇನ್ನೂ ಇದೆಯೋ ಹೇಗೆ? ಆಸ್ಪತ್ರೆಯಲ್ಲಿ ಊರವರಿಗೆಲ್ಲ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಜೋರು ಮಾಡುವ ನರ್ಸಮ್ಮ ತಾನು ಮಾತ್ರ ಎರಡು ಬಿಸ್ಕೀಟಿನಲ್ಲಿ ದಿನ ಕಳೆಯುವುದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಇಲ್ಲಿ ಚಳಿ ಬಿಟ್ಟಿಲ್ಲ. ಕೆಂಪಿ ಹೆಣ್ಣುಕರು ಹಾಕಿದೆ. ನಿನ್ನ ಅಪ್ಪ ಚೆನ್ನಾಗಿದ್ದಾರೆ, ಎಷ್ಟು ಚೆನ್ನಾಗಿದ್ದಾರೆ ಎಂದರೆ ಅದೇ ಈಗ ನನಗೆ ಕಷ್ಟವಾಗಿದೆ.

ಅಮ್ಮ ಕಾಗದ ಬರೆದಿದ್ದಾಳೆ ಎಂದು ನಗಬೇಡ. ಏಳನೇ ಇಯತ್ತೆಯ ಅಕ್ಷರ, ಹೇಗೋ ಓದಿಕೋ. ಮನೆಯಲ್ಲಿ ಇರುವುದು ಒಂದು ಫೋನು, ಅದು ನಿನ್ನ ಅಪ್ಪನ ಕಿಸೆಯಲ್ಲಿ. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತು. ನಾನು ಮಾತಾಡುವಾಗ ಅದನ್ನು ಆರಿಸುವುದು ಅವರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅಲ್ಲದೆ ನೀನು ಒಂದೂವರೆ ತಿಂಗಳಿಂದ ಅಪ್ಪನ ಹತ್ತಿರ ಮಾತಾಡಿ, ಅಮ್ಮನಿಗೂ ಹೇಳು ಎಂದು ಇಟ್ಟುಬಿಡುತ್ತೀ. ಸಿಟ್ಟು ಯಾಕೆಂದು ನನಗೆ ಗೊತ್ತು. ಪ್ರಾರ್ಥನಾ ಮನೆಯಲ್ಲಿ ನಾನು ಸಾಕ್ಷಿ ಹೇಳಿದ ವಿಡಿಯೋ ನೋಡಿ ನೀನು ಕಳಿಸಿದ ಒಂದು ಸಾಲು ಇನ್ನೂ ಫೋನಿನಲ್ಲಿದೆ. "ಹತ್ತೊಂಬತ್ತು ದಿನ ನಾನು ಎಂತ ಮಾಡ್ತಿದ್ದೆ ಅಮ್ಮಾ?" ಅದಕ್ಕೆ ಉತ್ತರ ಕೊಡಲು ಕುಳಿತಿದ್ದೇನೆ.

ನೀನು ಎಂತ ಮಾಡುತ್ತಿದ್ದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಕ್ಕರೆ ಕಾಯಿಲೆಯ ಕಾಲು, ಹೆಬ್ಬೆರಳಿನ ಬುಡದಲ್ಲಿ ಅಡಿಕೆಯಷ್ಟು ಗುಳಿ. ನೀನು ಇದ್ದಬದ್ದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು ಬಂದು ಹತ್ತೊಂಬತ್ತು ದಿನ ಇದ್ದೆ. ಬೆಳಿಗ್ಗೆ ಸಂಜೆ ನನ್ನ ಕಾಲನ್ನು ಮಡಿಲಲ್ಲಿಟ್ಟು ತೊಳೆದೆ, ಕೀವು ತೆಗೆದೆ, ಬಟ್ಟೆ ಕಟ್ಟಿದೆ, ಕೈಯಾರೆ ಸೂಜಿ ಚುಚ್ಚಿದೆ. ನಿನ್ನ ಅಪ್ಪ ವಾಸನೆಗೆ ಹೊರಗೆ ಜಗಲಿಯಲ್ಲಿ ಊಟ ಮಾಡುತ್ತಿದ್ದರು, ನೀನು ಮಾತ್ರ ನನ್ನ ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದೆ. ಹಾಗಿದ್ದರೂ ಡಿಸೆಂಬರಿನ ಮೊದಲ ಭಾನುವಾರ ಇಸಳೂರಿನ ಪ್ರಾರ್ಥನಾ ಮನೆಯಲ್ಲಿ ಮೈಕು ಹಿಡಿದು ನಿಂತಾಗ ನಾನು ನಿನ್ನ ಹೆಸರು ಹೇಳಲಿಲ್ಲ. ಸುಳ್ಳು ಹೇಳಬೇಕೆಂದು ಎದ್ದವಳಲ್ಲ ಮಗಳೇ. ನನಗಿಂತ ಮುಂಚೆ ಸಾಕ್ಷಿ ಹೇಳಿದ ನಾಲ್ವರಲ್ಲಿ ಒಬ್ಬರೂ ಡಾಕ್ಟರ ಮಾತು ತೆಗೆಯಲಿಲ್ಲ. ಪ್ರಾರ್ಥನೆ ಮಾಡಿದೆ, ಗುಣವಾಯಿತು, ಸ್ತೋತ್ರ. ಡ್ರೆಸ್ಸಿಂಗು, ಇಂಜೆಕ್ಷನ್ನು ಎಂದರೆ ಯೇಸುವಿನ ಮಹಿಮೆಗೆ ಕಡಿಮೆ ಮಾಡಿದ ಹಾಗಾದೀತು ಎಂದು ಬಾಯಿಗೆ ಬಂದ ಮಾತು ನುಂಗಿದೆ. ಎಲ್ಲರೂ ಕೈ ಎತ್ತಿ ಹಲ್ಲೆಲೂಯ ಎಂದಾಗ ಅದು ಸಿಹಿಯೂ ಅನಿಸಿತು. ನಿನ್ನ ಚಿಕ್ಕಮ್ಮ ಶ್ರೀಲಕ್ಷ್ಮಿ ಬೇರೆ, ತಾನು ಚಂದಗುಳಿಯ ಗಣಪತಿಗೆ ಹರಕೆಯ ಗಂಟೆ ಕೊಟ್ಟಿದ್ದಕ್ಕೇ ಅಕ್ಕನ ಕಾಲು ಉಳಿಯಿತು ಎಂದು ಊರಿಡೀ ಹೇಳಿಕೊಂಡು ಬಂದಿದ್ದಾಳೆ. ನನ್ನ ಒಂದು ಕಾಲಿಗೆ ಎಷ್ಟೊಂದು ವಾರಸುದಾರರು! ದುಡಿದವಳ ಹೆಸರೊಂದೇ ಇಲ್ಲ. ನನಗೆ ನಾಚಿಕೆಯಾಗುತ್ತದೆ ನೇತ್ರಾ, ಕ್ಷಮಿಸು.

ಪಾಸ್ಟರ್ ಕಮಲಾಕರ ಅವರ ಮೇಲೆ ನೀನು ಸಿಟ್ಟು ಮಾಡಬೇಡ. ಯಲ್ಲಾಪುರದಿಂದ ಬೈಕಿನಲ್ಲಿ ಬರುವ ಆ ಮನುಷ್ಯ ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರೆದುರೇ ಬಿಪಿ ಗುಳಿಗೆ ನುಂಗುತ್ತಾರೆ. "ಔಷಧಿನೂ ದೇವ್ರೇ ಕೊಟ್ಟಿದ್ದು, ಬಿಡೂಕೆ ಹೋಗ್ಬೇಡಿ" ಎಂದು ಅವರು ನನಗೆ ಎರಡು ಸಲ ಹೇಳಿದ್ದುಂಟು. ಬಿಟ್ಟವಳು ನಾನೇ. ಸಾಕ್ಷಿ ಹೇಳಿದ ಮೇಲೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತರಲು ಶಿರಸಿಯ ಔಷಧಿ ಅಂಗಡಿಯೆದುರು ನಿಂತಿದ್ದೆ. ಪ್ರಾರ್ಥನೆಗೆ ಬರುವ ಹೆಂಗಸರು ಇಬ್ಬರು ಎದುರಾಗಿ, ಅಕ್ಕಾ ಇಲ್ಲೆಂತ ಮಾಡ್ತ್ರಿ ಎಂದು ಕೇಳಿದರು. ಪಕ್ಕದ ಅಂಗಡಿಗೆ ಬಂದಿದ್ದೆ ಎಂದು ಹೇಳಿ ಎರಡು ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ಮನೆಗೆ ಬಂದೆ. ಆಮೇಲೆ ಆ ಕಡೆ ಹೋಗಲು ಧೈರ್ಯವಾಗಲಿಲ್ಲ.

ಈಗ ನೀನು ಕುಳಿತುಕೊಂಡು ಓದು. ಗಾಯ ಮತ್ತೆ ಬಾಯಿ ಬಿಟ್ಟಿದೆ. ಹನ್ನೆರಡು ದಿನವಾಯಿತು. ಬಚ್ಚಲ ಒಲೆಯ ಮುಂದೆ ಕೆಂಡ ತುಳಿದಿದ್ದೆ, ನನಗೆ ಗೊತ್ತೇ ಆಗಲಿಲ್ಲ, ವಾಸನೆ ಬಂದ ಮೇಲೆ ನೋಡಿಕೊಂಡೆ. ಅದೇ ಜಾಗ. ನೀನು ಬಿಟ್ಟುಹೋದ ಬಟ್ಟೆ ಸುತ್ತಿ, ಮೇಲೆ ನಿನ್ನ ಹಳೆಯ ಶಾಲೆಯ ಕಾಲುಚೀಲ ಹಾಕಿ, ನೀಲಗಿರಿ ಎಣ್ಣೆ ಚಿಮುಕಿಸಿಕೊಂಡು ಓಡಾಡುತ್ತಿದ್ದೇನೆ. ಚಳಿ ಎಂದರೆ ನಿನ್ನ ಅಪ್ಪ ನಂಬುತ್ತಾರೆ. ಮೊನ್ನೆ ಶಿರಸಿಯಿಂದ ಹೊಸ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಈ ಮನುಷ್ಯ ಮದುವೆಯಾದ ಮೇಲೆ ನನಗೆಂದು ಏನಾದರೂ ತಂದದ್ದು ಅದೇ ಮೊದಲು. ಬಚ್ಚಲಿಗೆ ಹೋಗಿ ಅತ್ತೆ.

ಅವರಿಗೆ ಯಾಕೆ ಹೇಳುವುದಿಲ್ಲ ಎಂದು ಕೇಳುತ್ತೀ. ನೀನು ಇಲ್ಲಿದ್ದಾಗ ಒಂದು ದಿನ ಕುಡಿದು ಬಂದು, "ನಿನ್ನ ಯೇಸು ಆ ಕಾಲು ಗುಣ ಮಾಡ್ಲಿ, ಆವತ್ತಿಂದ ನಾ ಬಾಟ್ಲಿ ಬಿಡ್ತೆ" ಎಂದು ಕೂಗಿದ್ದು ನೆನಪಿದೆಯಲ್ಲ? ಗಾಯ ಮಾಯಿತು, ಬಿಟ್ಟರು. ಎರಡು ತಿಂಗಳಾಯಿತು. ಇಪ್ಪತ್ತಾರು ವರ್ಷ ನಾನು ಅತ್ತು ಕರೆದು ಬಿಡಿಸಲಾಗದ್ದನ್ನು ಒಂದು ಹೆಬ್ಬೆರಳು ಬಿಡಿಸಿತು. ಭಾನುವಾರ ಇಸ್ತ್ರಿ ಅಂಗಿ ತೊಟ್ಟು ಗಂಡಸರ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಒಂದು ಸಾಲು ಹಿಂದೆ ಹಾಡುತ್ತಾರೆ. ಕಲ್ಲಿನ ಕೆಲಸಕ್ಕೆ ಒಂದು ದಿನ ತಪ್ಪಿಸುವುದಿಲ್ಲ. ಕಾಲು ಮತ್ತೆ ಕೊಳೆಯುತ್ತಿದೆ ಎಂದರೆ ಅವರು ಹಿಡಿದುಕೊಂಡ ಹಗ್ಗವನ್ನು ನಾನೇ ಕೊಯ್ದ ಹಾಗೆ. ಹೇಳಿದರೆ ಅವರು ಹೋಗುತ್ತಾರೆ, ಹೇಳದಿದ್ದರೆ ಕಾಲು ಹೋಗುತ್ತದೆ. ಮನೆಯಲ್ಲಿ ಬಾಗಿಲುಗಳೆಲ್ಲ ತೆರೆದೇ ಇವೆ, ನನಗೆ ಮಾತ್ರ ಹೊರಗೆ ಬರಲು ದಾರಿ ಕಾಣುತ್ತಿಲ್ಲ.

ಹಾಗೇ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೊನ್ನೆ ಭಾನುವಾರ ಸಿದ್ದಾಪುರದಿಂದ ತನುಜಾ ಎಂಬವಳು ಮೊದಲ ಬಸ್ಸಿಗೇ ಬಂದಿದ್ದಳು. ನಿನಗಿಂತ ಐದಾರು ವರ್ಷ ದೊಡ್ಡವಳು ಅಷ್ಟೆ. ಅವಳಿಗೂ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಗಾಯ. ನನ್ನ ಎದುರು ಕುಳಿತು, "ನಿಮ್ಮ ಕಾಲು ಒಂದ್ಸಲ ಮುಟ್ಲಾ ಅಕ್ಕಾ?" ಎಂದಳು. ಕಾಲುಚೀಲದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಆಮೇಲೆ, "ನಿಮ್ಮ ವಿಡಿಯೋ ನೋಡಿ ನಾನೂ ಇಂಜೆಕ್ಷನ್ ಬಿಟ್ಟೆ, ಎಂಟು ದಿನ ಆತು" ಎಂದಳು. ಅವಳ ಬೆರಳ ಅಡಿಯಲ್ಲೇ ನನ್ನ ಗಾಯ ಇತ್ತು ನೇತ್ರಾ. ಬಾಯಿ ತೆರೆದೆ. ಆಚೆ ಸಾಲಿನಿಂದ ನಿನ್ನ ಅಪ್ಪ ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದರು. ಪ್ರಾರ್ಥನೆ ಮಾಡಮ್ಮ ಎಂದು ಹೇಳಿ ಎದ್ದುಬಂದೆ.

ಪ್ರಾರ್ಥನೆ ಸುಳ್ಳು ಎಂದು ನಾನು ಹೇಳುವುದಿಲ್ಲ, ನೀನೂ ಹೇಳಬೇಡ. ಗಾಯ ತೊಳೆಯಿಸಿಕೊಳ್ಳುವಾಗ ನೋವಿಗೆ ನಾನು ಯೇಸಪ್ಪಾ ಎಂದು ಕೂಗುತ್ತಿದ್ದೆ, ನೀನು ಆಯ್ತಮ್ಮಾ ಆಯ್ತು ಎನ್ನುತ್ತಿದ್ದೆ. ನಾನು ಕರೆದದ್ದು ಅವನನ್ನು, ಓಗೊಟ್ಟವಳು ನೀನು. ಇಷ್ಟನ್ನೇ ಮೈಕಿನಲ್ಲಿ ಹೇಳಿದ್ದರೆ ಸಾಕಿತ್ತು, ಅದೇ ಸರಿಯಾದ ಸಾಕ್ಷಿಯಾಗುತ್ತಿತ್ತು. ಬರುವ ಭಾನುವಾರ ಎದ್ದು ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ಮನೆಯಲ್ಲಿ ಒಬ್ಬರಿಗೆ ಹೇಳಬೇಕು, ಅದೇ ಆಗುತ್ತಿಲ್ಲ. ನೀನು ಎರಡು ದಿನದ ಮಟ್ಟಿಗಾದರೂ ಬಾ. ಅಲ್ಲಿಯವರೆಗೆ ಅಪ್ಪನಿಗೆ ಏನೂ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ರೂಮಿನ ಶಿಲ್ಪಾಳಿಗೂ ನನ್ನ ನೆನಪು ತಿಳಿಸು. ಆ ದೇವರು ನಿನ್ನ ಎರಡು ಕೈಗಳನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ
ಮಂಜಿ

ತಾ.ಕ.: ನಿನ್ನ ಅಪ್ಪ ಈಗ ಕೆಲಸಕ್ಕೆ ಹೊರಟರು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾರೆ. ಯಾರಿಗೆ ಕಾಗದ ಎಂದು ಕೇಳಿದರು. ನೇತ್ರಾಗೆ ಎಂದೆ. ಕೊಡು, ಶಿರಸಿಯಲ್ಲಿ ಹಾಕ್ತೆ ಎಂದರು. ಅಂಟಿನ ಡಬ್ಬಿ ಕೈಯಲ್ಲೇ ಇದೆ, ಲಕೋಟೆಗೆ ಹಚ್ಚುವುದಿಲ್ಲ. ಬಸ್ಸಿನಲ್ಲಿ ಕುಳಿತು ಓದಿ, ಆಮೇಲೆ ಹಾಕಿ ಎಂದು ಹೇಳಿ ಕೊಡುತ್ತೇನೆ. ಫೋನನ್ನು ಇವತ್ತು ನನ್ನ ಹತ್ತಿರ ಬಿಟ್ಟುಹೋಗಲು ಕೇಳಿದ್ದೇನೆ, ಪಾಸ್ಟರ ಹತ್ತಿರ ತನುಜಾಳ ನಂಬರು ತೆಗೆದುಕೊಂಡು ಮೊದಲು ಅವಳಿಗೆ ಇಂಜೆಕ್ಷನ್ ತಗೋ ಎನ್ನಬೇಕು. ಈ ಕಾಗದ ನಿನ್ನ ಕೈಗೆ ಬಂತು ಎಂದರೆ, ಅವರು ಓದಿದ ಮೇಲೂ ಬಾರಿಗೆ ಹೋಗದೆ ಅಂಚೆಪೆಟ್ಟಿಗೆಯವರೆಗೆ ನಡೆದರು ಎಂದು ತಿಳಿದುಕೋ. ಆಗ ಕೂಡಲೇ ಫೋನ್ ಮಾಡು. ಸ್ಪೀಕರಿನಲ್ಲೇ ಮಾತಾಡೋಣ.