ಮೂಸದೆ ತೊಳೆದ ವೆನಿಲ್ಲಾ

ಮಾರ್ಚ್ 2, 1974, ಶನಿವಾರ

ಇವತ್ತು ಒಪ್ಪೊತ್ತು. ಮಧ್ಯಾಹ್ನದ ಮೇಲೆ ಒಂದೇ ಊಟ. ಕತ್ತಲಿರುವಾಗಲೇ ಎದ್ದೆ. ನಳ್ಳಿಯಲ್ಲಿ ನೀರು ನೂಲಿನಷ್ಟು. ಹಂಡೆ ತುಂಬುವ ಮೊದಲೇ ನಿಂತಿತು. ಸ್ನಾನ, ಮಡಿ, ಮುಖ್ಯಪ್ರಾಣ ದೇವರಿಗೆ ತುಳಸಿ, ಎಳ್ಳೆಣ್ಣೆ ದೀಪ. ಇವರು ಕಾಫಿ ಕುಡಿದು ಹೋಟೆಲಿನ ಗಲ್ಲಾಕ್ಕೆ ಹೋದರು. ಮಗ ಸದಾನಂದ ಬ್ಯಾಂಕಿಗೆ, ಸೊಸೆ ವಿನೋದಿನಿ ಅವಳ ಆಫೀಸಿಗೆ.

ಅಡಿಗೆಮನೆಯ ಕಪಾಟಿನದ್ದೆಲ್ಲ ಇಳಿಸಿ ಒರೆಸಿದೆ. ಮೂಲೆಯಲ್ಲಿ ವಿನೋದಿನಿಯ ಗಾಜಿನ ಕೊಳವೆ. ಹಡಗಿನಲ್ಲಿ ಕೆಲಸಕ್ಕಿರುವ ಅವಳ ಅಣ್ಣ ಮದುವೆಗೆ ಕೊಟ್ಟದ್ದು — ಆಫ್ರಿಕಾದ ಕಡೆಯ ವೆನಿಲ್ಲಾ ಕೋಡು, ಕೇಕಿಗೆ ಹಾಕುವುದಂತೆ. ಕಪ್ಪಗೆ ಸುಕ್ಕಿದ ಅಲಸಂಡೆಯ ಹಾಗೆ. ನೋಡಿದರೆ ಮೈತುಂಬ ಬಿಳಿ ಬೂಷ್ಟು. ಸಣ್ಣ ಸೂಜಿ ಚುಚ್ಚಿಟ್ಟ ಹಾಗೆ. ಈ ಕುರ್ಲಾದ ಹವೆಗೆ ಉಪ್ಪಿನಕಾಯಿಗೇ ಬೂಷ್ಟು ಬರುತ್ತದೆ, ಇದು ಯಾವ ಲೆಕ್ಕ. ಬಿಸಿನೀರಿಗೆ ಅರಸಿನ ಹಾಕಿ ಒಂದೊಂದನ್ನೇ ಉಜ್ಜಿ ತೊಳೆದೆ. ಟೆರೇಸಿನಲ್ಲಿ ಹಪ್ಪಳದ ಪಕ್ಕ ಒಣಗಲು ಹಾಕಿದೆ. ಒಂದು ಕೆಲಸ ಮುಗಿಯಿತು. ಅವಳಿಗೂ ಸಂತೋಷವಾದೀತು.

ಮಾರ್ಚ್ 4, ಸೋಮವಾರ

ಸಂತೋಷ...

ಆಫೀಸಿನಿಂದ ಬಂದವಳೇ ಕೇಳಿದಳು, "ಅತ್ತೆ, ಆ ಟ್ಯೂಬ್‌ನಲ್ಲಿ ಇದ್ದದ್ದು ಎಲ್ಲಿ?"

"ಬೂಷ್ಟು ಬಂದಿತ್ತು. ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೇನೆ."

ಡಬ್ಬಿ ತೆರೆದಳು. ಒಂದು ಕೋಡು ಎತ್ತಿದಳು. ಎರಡು ದಿನದ ಬಿಸಿಲು ಕುಡಿದದ್ದು, ಕಡ್ಡಿಯ ಹಾಗೆ ಮುರಿಯಿತು. ನೆಲದಲ್ಲೇ ಕೂತುಬಿಟ್ಟಳು.

"ಅದು ಫಂಗಸ್ ಅಲ್ಲ ಅತ್ತೆ. ಅದೇ... ಅದೇ ಅದರ ಸ್ಮೆಲ್. ಒಳ್ಳೇ ಮಾಲಿಗೆ ಮಾತ್ರ ಹಾಗೆ ಬಿಳಿ ಬರ್ತದೆ. ಅಬ್ ಕ್ಯಾ ಬೋಲೂಂ ಮೈ, ಏನು ಹೇಳ್ಲಿ ನಾನೀಗ. ಒಂದು ಸಲ ಮೂಸಿ ನೋಡ್ಬಾರ್ದಾ?"

"ಮೂಸಿದ್ದು ದೇವರಿಗೆ ಆಗುದಿಲ್ಲ. ನೈವೇದ್ಯಕ್ಕೆ ಮೊದಲು ಈ ಅಡಿಗೆಮನೆಯ ಯಾವ ವಸ್ತುವಿಗೂ ಮೂಗು ಹಚ್ಚುವ ಕ್ರಮ ಇಲ್ಲ. ನಿನಗೂ ಹೇಳಿದ್ದೇನೆ."

"ಅದು ದೇವರಿಗೆ ಇಟ್ಟದ್ದಲ್ಲ ಅತ್ತೆ. ಅಣ್ಣನಿಗೆ."

ಇಪ್ಪತ್ತನಾಲ್ಕಕ್ಕೆ ಅವನ ಹಡಗು ಬರುತ್ತದಂತೆ. ಮದುವೆ ಕಳೆದ ಮೇಲೆ ಈಗಲೇ ಬರುವುದು. ಬಂದ ದಿನ ಈ ಕೋಡು ಹಾಕಿ ತನ್ನ ಕೈಯ ಕೇಕ್ ತಿನ್ನಿಸುತ್ತೇನೆಂದು ಮಾತು ಕೊಟ್ಟಿದ್ದಳಂತೆ. ನನಗೆ ಯಾರು ಹೇಳಿದ್ದಾರೆ?

ಬ್ಯಾಗ್ ಹಿಡಿದು ಮಾಟುಂಗಕ್ಕೆ, ತಾಯಿಮನೆಗೆ ಹೋದಳು. ನಾಲ್ಕು ದಿನಕ್ಕೆ ಎಂದಳು.

ಇವರು ಊಟಕ್ಕೆ ಕೂತು ನಗುತ್ತಾರೆ. "ಬೆಕ್ಕು ಕೈಗೆ ಸಿಕ್ಕಿದ್ರೆ ಅದನ್ನೂ ತೊಳೆದು ಒಣಗಿಸ್ತಿದ್ದಿ ಮಾರಾಯ್ತಿ." ಎರಡನೇ ಸಲ ಸಾರು ಬಡಿಸಲಿಲ್ಲ.

ಮಾರ್ಚ್ 11, ಸೋಮವಾರ

ನಾಲ್ಕು ದಿನ ಎಂದದ್ದು ವಾರವಾಯಿತು. ಸದಾನಂದ ತಲೆ ತಗ್ಗಿಸಿ ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ಇವತ್ತು ಕೈ ತೊಳೆಯುತ್ತ ಹೇಳಿದ.

"ಅಮ್ಮ, ಮುಲುಂಡ್‌ನಲ್ಲಿ ಒಂದು ರೂಮ್ ನೋಡಿದ್ದೇನೆ."

"ಯಾರಿಗೆ?"

"ನಮಗೆ. ಅವಳ ಅಣ್ಣ ಬಂದು ಹೋಗ್ಲಿ, ಆಮೇಲೆ ಸಾಮಾನು ಸಾಗಿಸುದು."

"ನಾಕು ಕೋಡಿಗೆ ಮನೆ ಬಿಡುದಾ?"

"ಅವಳು ನಿನ್ನನ್ನು ಬೈಲಿಲ್ಲ ಅಮ್ಮ. ಒಂದೇ ಮಾತು ಹೇಳಿದ್ಳು. ಆ ಅಡಿಗೆಮನೆಯಲ್ಲಿ ನನ್ನದು ಅಂತ ಒಂದು ವಸ್ತು ಇಡುವ ಹಾಗಿಲ್ಲ ಅಂತ."

ಇದೆಂಥ ನ್ಯಾಯ. ಅವಳ ಆ ದುಂಡಗಿನ ಓವನ್ನನ್ನು ಒಳಗೆ ಬಿಟ್ಟುಕೊಂಡವಳು ನಾನೇ ಅಲ್ಲವೆ. ಮೊಟ್ಟೆ ಬೇಡ ಎಂದದ್ದು ಬಿಟ್ಟರೆ ಬೇರೇನು ಹೇಳಿದ್ದೇನೆ. ಹಾಂ, ಕೇಕನ್ನು ಮೊದಲು ದೇವರ ಮುಂದೆ ಇಡು ಎಂದಿದ್ದೆ. ಒಲೆಯ ಹತ್ತಿರ ಕೇಕಿನ ಬಟ್ಟಲು ತರಬೇಡ ಎಂದಿದ್ದೆ. ಗುರುವಾರ ಬೇಡ, ಏಕಾದಶಿ ಬೇಡ ಎಂದಿದ್ದೆ. ಅಷ್ಟೇ... ಅವಳ ಹಿಟ್ಟಿನ ಜರಡಿಯನ್ನು ಹೊರಗಿನ ಗ್ಯಾಲರಿಯಲ್ಲಿಡು ಎಂದದ್ದೂ ಇರಬೇಕು.

ಬರೆಯುತ್ತ ಹೋದರೆ ಉದ್ದ ಆಗುತ್ತದೆ. ಸಾಕು.

ಮಾರ್ಚ್ 13, ಬುಧವಾರ

ಕೋಡಿನ ಡಬ್ಬಿ ಹಿಡಿದು ಬಾಂದ್ರಾಕ್ಕೆ ಹೋದೆ. ಅಲ್ಲಿ ಫ್ಲೋರಿನ್ ಬಾಯಿ, ವಿನೋದಿನಿಗೆ ಕೇಕ್ ಕಲಿಸಿದವರು. ನಮ್ಮ ಮಂಗಳೂರಿನವರೇ, ಕ್ರಿಶ್ಚನರು. ಜಗಲಿಯಲ್ಲೇ ಕೂತೆ. ನೀರು ಬೇಡವೆಂದೆ. ಅವರಿಗೆ ಬೇಸರವಿಲ್ಲ. ಕೋಡನ್ನು ಮೂಗಿನ ಬುಡಕ್ಕೇ ಹಿಡಿದರು.

"ಪೂರಾ ಸತ್ತಿಲ್ಲ ದೇವಕ್ಕ. ಮೇಲಿನದ್ದು ನೀವು ತೊಳೆದು ಗಟಾರಕ್ಕೆ ಬಿಟ್ಟಾಯ್ತು. ಹೊಟ್ಟೆಯೊಳಗೆ ಸ್ವಲ್ಪ ಉಂಟು. ಬ್ರಾಂದಿಯಲ್ಲಿ ಮುಳುಗಿಸಿಟ್ರೆ ಪರಿಮಳ ಚೆಂದ ಬಿಡ್ತದೆ. ಹೆದರ್ಬೇಡಿ, ನನ್ನ ಹತ್ರ ಬ್ರಾಂದಿಯ ಪರ್ಮಿಟ್ ಉಂಟು."

"ರಾಮ ರಾಮ."

"ಹಾಗಾದ್ರೆ ಸಕ್ಕರೆ."

ಕ್ರಮ ಹೇಳಿಕೊಟ್ಟರು. ಹಬೆಯಲ್ಲಿಟ್ಟು ಮೆತ್ತಗೆ ಮಾಡಬೇಕು. ಚೂರಿಯ ತುದಿಯಿಂದ ಉದ್ದಕ್ಕೆ ಸೀಳಬೇಕು. ಚೂರಿ ತಿರುಗಿಸಿ, ಮೊಂಡು ಬದಿಯಿಂದ ಒಳಗಿನ ಕಪ್ಪು ಬೀಜ ಹೆರೆಯಬೇಕು — ಹರಿತದ ಬದಿಯಿಂದ ಹೆರೆದರೆ ಸಿಪ್ಪೆಯೂ ಬರುತ್ತದೆ. ಬೀಜವನ್ನು ಸಕ್ಕರೆಯಲ್ಲಿ ತಿಕ್ಕಬೇಕು. ಸಿಪ್ಪೆ ಬಿಸಾಡಬಾರದು, ಅದೇ ಸಕ್ಕರೆಯಲ್ಲಿ ಹೂತು ಬಾಟ್ಲಿಯ ಬಾಯಿ ಬಿಗಿ ಮಾಡಬೇಕು. ಕಾಯಬೇಕು.

"ದಿನಾ ಅಲ್ಲಾಡಿಸಿ ಮೂಸಿ. ಮೂಸದೆ ಗೊತ್ತಾಗುದಿಲ್ಲ, ಇದು ಕಣ್ಣಿನ ಕೆಲಸ ಅಲ್ಲ."

"ನಮ್ಮಲ್ಲಿ ಮೂಸುವ ಕ್ರಮ ಇಲ್ಲ ಬಾಯಿ."

"ಹಾಗಾದ್ರೆ ನಾನೇ ದಿನಾ ಕುರ್ಲಾಕ್ಕೆ ಬಂದು ಮೂಸಿ ಹೋಗ್ತೇನೆ. ಟಿಕೇಟು ನಿಮ್ಮದು."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮನೆಗೆ ಬಂದು ಇನ್ನೊಂದು ಸ್ನಾನ.

ಮಾರ್ಚ್ 15, ಶುಕ್ರವಾರ

ಕೆಟ್ಟ ದಿನ. ಮೊದಲ ಕೋಡಿಗೆ ಹಬೆ ಸಾಲಲಿಲ್ಲ. ಚೂರಿ ಜಾರಿ ಬೆರಳು ಕೊಯ್ಯಿತು. ಉಳಿದದ್ದನ್ನು ಇಡ್ಲಿ ಪಾತ್ರೆಯಲ್ಲಿ ಇನ್ನಷ್ಟು ಹೊತ್ತು ಇಟ್ಟೆ, ಆಗ ಬಗ್ಗಿತು. ಬೀಜ ಸಾಸಿವೆಗಿಂತ ಎಷ್ಟೋ ಸಣ್ಣ, ಕಾಡಿಗೆಯ ಹಾಗೆ ಕೈಗೇ ಅಂಟುತ್ತದೆ. ರೇಶನ್ ಸಕ್ಕರೆಯಲ್ಲಿ ತಿಕ್ಕಿದೆ. ಕಾಯಬೇಕು ಎಂದಿದ್ದರು. ನನಗೆ ತಾಳ್ಮೆ ಎಲ್ಲಿ. ಅದರಲ್ಲೇ ಸ್ವಲ್ಪ ತೆಗೆದು ಮೈದಾ, ಬೆಣ್ಣೆ, ಮೊಸರು, ಸೋಡ ಕಲಸಿ ಅವಳ ಓವನ್ನಿಗೆ ಇಟ್ಟೆ. ಫ್ಯೂಸ್ ಹೋಯಿತು. ಇಡೀ ಮಾಳಿಗೆಯವರು ಗ್ಯಾಲರಿಗೆ ಬಂದು ನನ್ನನ್ನೇ ನೋಡುವುದು.

ಕರೆಂಟ್ ಬಂದ ಮೇಲೆ ಪುನಃ ಇಟ್ಟೆ. ಉಬ್ಬಲಿಲ್ಲ. ದೇವರ ಮುಂದೆ ಇಟ್ಟು, ಇವರಿಗೆ ಕೊಟ್ಟೆ.

"ಪರಿಮಳ ಉಂಟಾ?"

"ಉಂಟು. ಸೋಡದ್ದು."

ಬಾಯಿಗೆ ಹಾಕಿದವರು ಹೇಳಬೇಕು, ಮಾಡಿದವಳಿಗೆ ಗೊತ್ತಿಲ್ಲ. ಅಲ್ಲಿಯವರೆಗೆ ಕುರುಡಿ ಮಾಡಿದ ಹಾಗೆ. ಅನ್ನ, ಸಾರು, ಪಾಯಸ — ಇಷ್ಟು ವರ್ಷ ಕೈಯಂದಾಜಿಗೇ ಬಂದಿದೆ. ಇದಕ್ಕೆ ಮಾತ್ರ ಏನು ದೊಡ್ಡಸ್ತಿಕೆ.

ಮಾರ್ಚ್ 20, ಬುಧವಾರ

ಬರೆಯುವ ಮನಸ್ಸಿರಲಿಲ್ಲ. ಬಾಟ್ಲಿ ಅಲ್ಲಾಡಿಸುವುದು, ಇಡುವುದು.

ನಿನ್ನೆ ಸದಾನಂದ ಸಾಮಾನು ತುಂಬಲು ಖಾಲಿ ಖೋಕೆ ಎರಡು ತಂದ, ರಟ್ಟಿನ ಪೆಟ್ಟಿಗೆಗಳು. ಒಂದರಲ್ಲಿ ಅವಳ ಸೀರೆಗಳು. ಇನ್ನೊಂದರ ಬಾಯಿ ತೆರೆದೇ ಇದೆ, ಓವನ್ ಹಿಡಿಸುವಷ್ಟು ದೊಡ್ಡದು.

ಇವತ್ತು ಸ್ನಾನಕ್ಕೆ ಮೊದಲು, ದೇವರ ಗೂಡಿನ ಬಾಗಿಲು ಹಾಕಿ, ಬಾಟ್ಲಿಗೆ ಮೂಗು ಹಚ್ಚಿದೆ. ಬೇಕೆಂದೇ. ಬರೀ ಸಕ್ಕರೆ. ಸಿಟ್ಟು ಬಂತು. ಕೈಯಲ್ಲಿ ಸ್ವಲ್ಪ ಸುರಿದು ತಿಕ್ಕಿ, ಇನ್ನೊಮ್ಮೆ ಮೂಸಿದೆ. ಆಗ ಬಂತು. ಹೊಸ ಬೆಲ್ಲವೆ? ಅಲ್ಲ. ಕಾದ ತುಪ್ಪವೆ? ಅದೂ ಅಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಬೀರು ತೆರೆದರೆ ಸಣ್ಣಗೆ ಬರುತ್ತಿತ್ತಲ್ಲ... ಆ ಕೊಳವೆ ಆಗ ಸೀರೆಯ ನಡುವೆ ಇತ್ತು. ಬಟ್ಟೆಯ ಜಾಗದಲ್ಲಿ ತಿನ್ನುವ ವಸ್ತು ಯಾಕೆಂದು ಅಡಿಗೆಮನೆಗೆ ತರಿಸಿದವಳು ನಾನು.

ತುಂಬ ಹೊತ್ತು ಕೈ ತೊಳೆಯಲಿಲ್ಲ.

ಮಾರ್ಚ್ 23, ಶನಿವಾರ, ಮಧ್ಯಾಹ್ನ

ಒಪ್ಪೊತ್ತು. ನಾಳೆ ಅವಳ ಅಣ್ಣ ಬರುವುದು.

ಬೆಳಿಗ್ಗೆ ಪೂಜೆ ಮುಗಿಸಿ ದೇವರಿಗೆ ಹೇಳಿಬಿಟ್ಟೆ, ಇವತ್ತು ಮಾಡುವುದು ನಿನಗಲ್ಲ, ತಪ್ಪು ತಿಳಿಯಬೇಡ. ಸಕ್ಕರೆ ಹಾಕುವಾಗ ಮೂಸಿದೆ. ಹಿಟ್ಟು ಕಲಸಿ ಮೂಸಿದೆ, ಸಾಲದೆಂದು ಮತ್ತೊಂದು ಚಮಚ ಹಾಕಿದೆ. ಓವನ್ನಿನ ಗಾಜಿನ ಹತ್ತಿರವೇ ಕೂತೆ. ಉಬ್ಬಿತು. ಅವಳು ಮಾಡಿದಷ್ಟಿಲ್ಲ. ಆದರೆ ಪರಿಮಳ ಇದೆ. ಇದನ್ನು ಯಾರೂ ಹೇಳಬೇಕಾಗಿಲ್ಲ, ನನ್ನ ಮೂಗೇ ಹೇಳಿತು.

ಕಪಾಟಿನ ಮೇಲಿನ ಹಲಗೆ ಖಾಲಿ ಮಾಡಿದೆ. ನನ್ನ ಭರಣಿಗಳು ಕೆಳಗೆ. ಅಲ್ಲಿ ಅವಳ ಬಟ್ಟಲು, ಜರಡಿ, ಖಾಲಿ ಕೊಳವೆ, ಸಕ್ಕರೆಯ ಬಾಟ್ಲಿ. ಒಂದು ತುಂಡು ಕೇಕ್ ಮಾತ್ರ ಡಬ್ಬಿಯಲ್ಲಿ ಹಾಕಿ ಸದಾನಂದನ ಕೈಗೆ ಕೊಟ್ಟೆ.

"ಮಾಟುಂಗಕ್ಕೆ ಹೋಗಿ ಹೇಳು. ಮೇಲಿನ ಹಲಗೆ ಅವಳದ್ದು. ಬೂಷ್ಟು ಬಂದ್ರೂ ಹುಳ ಬಿದ್ರೂ ನಾನು ಕೈ ಹಾಕುದಿಲ್ಲ. ಸಕ್ಕರೆ ಇಲ್ಲೇ ಉಂಟು, ಓವನ್ ಇಲ್ಲೇ ಉಂಟು. ನಾಳೆ ಅಣ್ಣನನ್ನು ಇಲ್ಲಿಗೇ ಕರೀಲಿ, ಅವಳ ಕೈಯಿಂದಲೇ ಮಾಡ್ಲಿ."

"ಕ್ಷಮೆ ಕೇಳಿದಿ ಅಂತ ಹೇಳ್ಲಾ ಅಮ್ಮ?"

"ಹೇಳಿದಷ್ಟು ಹೇಳು."

ಬಾಗಿಲ ಹತ್ತಿರ ನಿಂತು ಡಬ್ಬಿಯ ಮುಚ್ಚಳ ತೆರೆದು ಮೂಸಿದ. ಮುಚ್ಚಳ ಬಿಗಿ ಮಾಡಿ ಹೋದ.

ಸಂಜೆ, ದೀಪ ಹಚ್ಚಿ

ಸದಾನಂದ ಇನ್ನೂ ಬಂದಿಲ್ಲ. ಒಪ್ಪೊತ್ತಿನ ಊಟ ಮುಚ್ಚಿಯೇ ಇದೆ. ಆಮೇಲೆ ಉಣ್ಣುತ್ತೇನೆ. ಲೋಕಲ್‌ಗಳು ಹೋಗುತ್ತ ಬರುತ್ತ ಇವೆ, ಕೇಳಿಸುತ್ತದೆ. ಖೋಕೆ ಬಾಗಿಲ ಬಳಿ ಬಾಯಿ ತೆರೆದುಕೊಂಡು ಕೂತಿದೆ. ಇವನು ಹೇಳಬೇಕಾದ್ದು ಬಿಟ್ಟು ಬೇರೆ ಏನು ಹೇಳಿದನೋ. ಅವಳು ಡಬ್ಬಿ ತೆರೆದಳೋ ಇಲ್ಲವೋ. ತೆರೆದಿದ್ದರೆ...

ಮುಖ್ಯಪ್ರಾಣ ದೇವರೇ, ಸಮುದ್ರ ಹಾರಿ ಸೀತಮ್ಮನ ಮಾತು ತಂದವನು ನೀನು. ಇದು ಮಾಟುಂಗ, ನಡುವೆ ಸಾಯನ್ ಒಂದೇ ಸ್ಟೇಷನ್. ಇವನಿಂದಾಗುವ ಕೆಲಸವಲ್ಲ. ನೀನೇ ಒಮ್ಮೆ ಹೋಗಿ ಅವಳ ಉತ್ತರ ತಂದುಕೊಡು. ಬೈದರೆ ಬೈದದ್ದನ್ನೇ ತಾ. ಬರುತ್ತೇನೆ ಎಂದರೆ ಆ ಖೋಕೆ ನಾನೇ ಮಡಚಿಡುತ್ತೇನೆ.