ಎರಡು ಬಾಗಿಲ ನಡುವೆ ಕೇಳಿದ ಪ್ರಶ್ನೆಗೆ

ನರ್ಸಮ್ಮನವರಿಗೆ,

'ಮಾನ್ಯರೇ' ಎಂದು ಬರೆದರೆ ಲಿಫ್ಟ್ ಕೆಟ್ಟಿದೆ ಅನ್ನುವ ದೂರಿನ ಹಾಗೆ ಕಾಣುತ್ತದೆ. 'ಪ್ರಿಯ' ಎಂದು ಬರೆಯಲು ಧೈರ್ಯ ಸಾಲಲಿಲ್ಲ. ಮೂರು ಹಾಳೆ ಹರಿದ ಮೇಲೆ, ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವಂತೆಯೇ ಕರೆದಿದ್ದೇನೆ. ಬೇಡವಾದರೆ ಹೇಳಿ.

ಭಾನುವಾರ ಬಸ್ ಹತ್ತುವಾಗ ನೀವು, "ಉತ್ತರ ಹೊಳೆದಾಗ ಬರೀರಿ, ಅವಸರ ಇಲ್ಲ" ಅಂದಿರಿ. ನನಗಿದೆ ಅವಸರ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ನನಗೆ ಅರವತ್ತಮೂರು, ಮರೆಯುವ ಮೊದಲೇ ಬರೆದುಬಿಡುತ್ತೇನೆ.

ನಮ್ಮಿಬ್ಬರನ್ನೂ ಚಿಟ್ಟೆಮನೆಗೆ ಅಟ್ಟಿದವಳು ನನ್ನ ಮಗಳು. ನಿಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ನನ್ನ ರಕ್ತದ ಸಕ್ಕರೆ ನೋಡಿ ನೋಡಿ ಬೇಸತ್ತವಳು. "ಅಪ್ಪಾ, ಅವರೂ ಒಬ್ಬರೇ, ನೀನೂ ಒಬ್ಬನೇ. ಹೋಗಿ ಮಾತಾಡ್ಕೊಂಡು ಬಾ" ಅಂತ ಎರಡು ಟಿಕೆಟ್ ಕೈಗಿಟ್ಟಳು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಹೆಂಗಸರೊಬ್ಬರ ಜೊತೆ ಹೊರಗೆ ಹೋಗುವಾಗ ಯಾವ ಅಂಗಿ ಹಾಕಬೇಕೆಂಬುದೇ ಮರೆತುಹೋಗಿತ್ತು.

ಒಳಗೆ ಕಾಲಿಟ್ಟ ಕೂಡಲೇ ಆ ಸೆಕೆಗೆ ಇಬ್ಬರ ಕನ್ನಡಕವೂ ಮಂಜಾಗಿ, ಹತ್ತು ಹೆಜ್ಜೆ ತಡಕಾಡಿಕೊಂಡು ನಡೆದೆವಲ್ಲ! ಒರೆಸಿಕೊಂಡು ನೋಡಿದರೆ ಗಾಜಿನ ಛಾವಣಿಯವರೆಗೂ ಬಣ್ಣವೋ ಬಣ್ಣ. ತಟ್ಟೆಯಲ್ಲಿಟ್ಟ ಕೊಳೆತ ಬಾಳೆಹಣ್ಣಿಗೆ ಚಿಟ್ಟೆಗಳು ಮುತ್ತಿಕೊಂಡಿದ್ದವು. "ಇಷ್ಟು ಚೆಂದ ಇದ್ದು ತಿನ್ನೋದು ಇದನ್ನಾ?" ಅಂತ ನೀವು ಮೂಗು ಮುರಿದಿರಿ. ಚಿಟ್ಟೆ ಹೊರಬರುವ ಕೋಶಗಳನ್ನು ಸಾಲಾಗಿ ನೇತುಹಾಕಿದ ಪೆಟ್ಟಿಗೆಯ ಮುಂದೆ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಒಂದು ಕೋಶ ಬಿರಿದು, ಒದ್ದೆ ಮುದ್ದೆಯಾಗಿದ್ದ ರೆಕ್ಕೆ ಇಣುಕಿದಾಗ, ಹೆರಿಗೆ ಕೋಣೆಯಲ್ಲಿ ನಿಂತವರಂತೆ "ಬಾ ಬಾ, ಇನ್ನೊಂಚೂರು, ಬಂದ್ಬಿಡು" ಅಂದಿರಿ. ನೀವು ನನಗೆ ಇಷ್ಟವಾದದ್ದು ಆಗಲೇ.

ಹೊರಬರುವಾಗ ಆ ಪುಟ್ಟ ಕೋಣೆ. ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ಚಿಟ್ಟೆ ಯಾರ ಮೈಮೇಲಾದರೂ ಕೂತು ಹೊರಗೆ ಹೋಗದಂತೆ, ಅಲ್ಲಿ ಒಬ್ಬರ ಬೆನ್ನನ್ನು ಒಬ್ಬರು ನೋಡಬೇಕು. ನಿಮ್ಮ ಬೆನ್ನ ಮೇಲೆ ಏನೂ ಇರಲಿಲ್ಲ. ನನ್ನ ಬೋಳುತಲೆಯ ಮೇಲೆ ಅಂಗೈಯಗಲದ ನೀಲಿ ಚಿಟ್ಟೆ! "ಕೈ ಹಾಕ್ಬೇಡಿ ಸಾರ್, ರೆಕ್ಕೆ ಮುರಿಯತ್ತೆ. ಅದಾಗೇ ಏಳೋವರೆಗೂ ಬಾಗಿಲು ತೆಗೆಯಲ್ಲ" ಅಂತ ಕಾವಲಿನಾಕೆ ಬಲೆ ಹಿಡಿದು ನಿಂತಳು. ಮೂವತ್ತೈದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ, ಒಳಗೆ ಸಿಕ್ಕಿಕೊಂಡವರಿಗೆಲ್ಲ ಹೊರಗಿನಿಂದ "ಎರಡೇ ನಿಮಿಷ" ಎಂದು ಸುಳ್ಳು ಹೇಳಿದವನು ನಾನು. ಆ ಪಾಪವೆಲ್ಲ ಒಟ್ಟಿಗೇ ತಲೆಗೆ ಸುತ್ತಿಕೊಂಡಿತು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ.

ಇಪ್ಪತ್ತು ನಿಮಿಷವಾದರೂ ಅದು ಏಳಲಿಲ್ಲ. ನಿಮ್ಮ ನಗು ಮುಗಿಯಿತು. ಆಗ ಕೇಳಿದಿರಿ: "ಅಮ್ಮನ್ನ ಹನ್ನೊಂದು ವರ್ಷ ನೋಡ್ಕೊಂಡೆ. ವಾರ್ಡಲ್ಲಿ ಮೂವತ್ತು ವರ್ಷ. ಬರೋ ತಿಂಗಳು ರಿಟೈರ್ ಆಗ್ತೀನಿ. ನಂಗೆ ಸಾಕಾಗಿದೆ. ನಿಜ ಹೇಳಿ, ನಿಮಗೆ ಬೇಕಾಗಿರೋದು ಹೆಂಡತಿನಾ, ನರ್ಸಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಚಿಟ್ಟೆ ಹಾರಿ ಬಲೆಗೆ ಬಿತ್ತು, ಬಾಗಿಲು ತೆರೆಯಿತು. ಬದುಕಿದೆಯಾ ಬಡಜೀವವೇ ಎಂದು ಹೊರಗೆ ಬಂದುಬಿಟ್ಟೆ. ತಪ್ಪು ಮಾಡಿದೆ. ಮಗಳು ನಿಮ್ಮ ವಿಷಯ ಎತ್ತಿದಾಗ ನನಗೆ ಮೊದಲು ನೆನಪಾದದ್ದು ನನ್ನ ಮಾತ್ರೆ ಡಬ್ಬಿ. ಆ ಕೋಣೆಯಲ್ಲೇ 'ಹೆಂಡತಿ' ಅಂದಿದ್ದರೆ ಸುಳ್ಳಾಗುತ್ತಿತ್ತು. ನನಗೆ ನಾಚಿಕೆಯಾಗಿದೆ.

ಆಮೇಲೆ ಪಕ್ಕದ ಕೊಳ ಸುತ್ತಿದೆವು, ಆಮೆ ಎಣಿಸಿದೆವು. ನೀವು ಹದಿನಾಲ್ಕು ಅಂದಿರಿ, ನಾನು ಹದಿಮೂರು. ಒಂದು ಕಲ್ಲು ಎಂಬುದು ಈಗಲೂ ನನ್ನ ವಾದ. ಹಕ್ಕಿ ನೋಡುವ ಗೋಪುರದ ಮೂರನೇ ತಿರುವಿನಲ್ಲಿ ನಿಮ್ಮ ಮೊಣಕಾಲು ಮುಷ್ಕರ ಹೂಡಿತು. "ನೀವು ಹೋಗಿ, ನೋಡ್ಕೊಂಡ್ ಬಂದು ಹೇಳಿ" ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತಿರಿ.

ಮೇಲೆ ಹೋದೆ. ಜೌಗಿನ ತುಂಬ ಬಿಳಿ ಹಕ್ಕಿಗಳು. ಒಂದು ಬೂದು ಕೊಕ್ಕರೆ ತನಗಿಂತ ದಪ್ಪದ ಮೀನು ಹಿಡಿದು, ನುಂಗಲಾರದೆ ಉಗುಳಲಾರದೆ ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತು ತಿರುಗಿಸುತ್ತಿತ್ತು. ಬೇರೆಯವರು ಅರ್ಧ ಗಂಟೆ ನಿಲ್ಲುವ ಜಾಗದಲ್ಲಿ ನನಗೆ ಎರಡು ನಿಮಿಷ ನಿಲ್ಲಲಾಗಲಿಲ್ಲ. ಇದನ್ನು ನಿಮಗೆ ಹೇಳಬೇಕು, ನೀವು ನಗಬೇಕು ಎಂದು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಈ ವಯಸ್ಸಿನಲ್ಲಿ!

ಉತ್ತರ ಹೊಳೆದದ್ದು ಮನೆಗೆ ಬಂದ ಮೇಲೆ. ಒಂಬತ್ತು ವರ್ಷದಿಂದ ಏನು ಕಂಡರೂ ಓಡಿಬಂದು ಹೇಳಲು ನನಗೆ ಯಾರೂ ಇರಲಿಲ್ಲ. ನೋಡಿದ್ದೆಲ್ಲ ನನ್ನಲ್ಲೇ ಉಳಿದು ಹಳಸುತ್ತಿತ್ತು. ಮಾತ್ರೆ ಡಬ್ಬಿಯನ್ನು ಸೋಮವಾರದಿಂದ ನಾನೇ ತುಂಬುತ್ತಿದ್ದೇನೆ, ಬೇಕಾದರೆ ಮಗಳನ್ನು ಕೇಳಿ. ಮುಂದೆ ಹಾಸಿಗೆ ಹಿಡಿದರೆ ಬೇರೆ ನರ್ಸನ್ನು ಕರೆಸೋಣ. ನೀವು ಪಕ್ಕದಲ್ಲಿ ಕೂತು ಆಕೆಯ ತಪ್ಪು ಹುಡುಕಿ.

ನನಗೆ ನರ್ಸ್ ಬೇಡ. ನಾನು ಏದುಸಿರು ಬಿಡುತ್ತಾ ಇಳಿದು ಬಂದಾಗ ಪಕ್ಕಕ್ಕೆ ಸರಿದು ಜಾಗ ಕೊಟ್ಟು, "ಏನ್ ನೋಡಿದ್ರಿ?" ಎಂದು ಕೇಳಿದಿರಲ್ಲ, ನೀವು ಬೇಕು.

ನಿಮ್ಮ ಮೊಣಕಾಲಿಗೆ ಬೇಗ ಆರಾಮವಾಗಲಿ. ಆಗದಿದ್ದರೂ ಚಿಂತೆಯಿಲ್ಲ, ನಾನು ಹತ್ತಿಳಿಯುತ್ತೇನೆ.

ಇತಿ, ಈ ಸಲ ನಿಜವನ್ನೇ ಹೇಳಿರುವ,
ಲಿಫ್ಟಿನವನು