ಅತ್ತೆ ನೆಟ್ಟಗೆ ನಿಂತ ಚಿತ್ರ

ಪ್ಯಾರಿಸ್, ೧೬೪೩ ಮಾರ್ಚ್ ೯

ಅತ್ತೆ ಇವತ್ತೂ ಮಗನ ಜೊತೆ ಮಾತು ಬಿಟ್ಟೇ ಇರುತ್ತಾರೇನೋ ಅಂದುಕೊಂಡಿದ್ದೆ. ಯೇಸು ಗೂನುಬೆನ್ನಿನ ಹೆಂಗಸನ್ನು ಗುಣಪಡಿಸಿದ ಚಿತ್ರಕ್ಕೆ ನನ್ನ ಗಂಡ ಆನ್ಸೆಲ್ಮ್ ತನ್ನ ತಾಯಿಯನ್ನೇ ನೋಡಿ ತಾಮ್ರದ ತಗಡು ಕೊರೆಯುತ್ತಿದ್ದಾನೆ ಎಂದು ತಿಳಿದಾಗಿನಿಂದ ಅವರಿಗೆ ಸಿಟ್ಟು. "ನನ್ನ ಗೂನನ್ನ ಸೇತುವೆ ಮೇಲಿನ ಚಿತ್ರದಂಗಡೀಲಿ ಮಾರ್ತೀಯೇನೋ?" ಎಂದು ಕೂಗಾಡಿದ್ದರು.

ಮಧ್ಯಾಹ್ನ ಆ ತಗಡಿನಿಂದ ಕಾಗದದ ಮೇಲೆ ಮೊದಲ ಅಚ್ಚು ತೆಗೆದವನೇ, ಮಸಿ ಆರುವ ಮುಂಚೆಯೇ ತಂದು ಅವರ ಮುಂದೆ ಹಿಡಿದ. ಚಿತ್ರದಲ್ಲಿರುವುದು ಗುಣವಾದ ಮೇಲಿನ ಗಳಿಗೆ. ಯೇಸುವಿನ ಎದುರು ಅತ್ತೆ ನೆಟ್ಟಗೆ ನಿಂತಿದ್ದಾರೆ.

ಬಹಳ ಹೊತ್ತು ನೋಡಿದರು. "ಮೂಗು ನಂದೇ. ಆದ್ರೆ ಬೆನ್ನು ಬಾಗೋ ಮುಂಚೆನೂ ಇಷ್ಟು ಎತ್ತರ ಇರ್ಲಿಲ್ಲ ಕಣೋ. ನಿಮ್ಮಪ್ಪನ ಭುಜಕ್ಕೆ ಬರ್ತಿದ್ದೆ, ಅಷ್ಟೆ."

"ನಂಗೇನು ಗೊತ್ತಮ್ಮಾ? ಆಗ ನಾನು ಅಂಬೆಗಾಲಿಡೋ ಮಗು. ನೀನು ಗೋಪುರದ ಹಾಗೆ ಕಾಣ್ತಿದ್ದೆ."

ಅತ್ತೆ ಅವನ ಮಸಿಗೈಯನ್ನು ಕೆನ್ನೆಗೆ ಒತ್ತಿಕೊಂಡರು. ಕೆನ್ನೆಯೆಲ್ಲ ಕಪ್ಪಾಯಿತು. ನಾನು ಒರೆಸಲು ಹೋದರೆ ಬಿಡಲಿಲ್ಲ.

"ಪೆರೀನ್, ಇದನ್ನ ನನ್ ಹಾಸಿಗೆ ಹತ್ರ ತೂಗುಹಾಕೇ. ಮೇಲೆ ಬೇಡ, ನನ್ ಕಣ್ಣಿಗೆ ಸಿಗೋ ಹಾಗೆ."

ನನ್ನ ಸೊಂಟದೆತ್ತರಕ್ಕೆ ಮೊಳೆ ಹೊಡೆದೆ. ಅತ್ತೆ ನಿಂತಲ್ಲೇ ನಿಂತು ಕಣ್ತುಂಬ ನೋಡಿದರು. ನಾನೂ ಆನ್ಸೆಲ್ಮನೂ ಅವರ ಪಕ್ಕದಲ್ಲಿ ಬಗ್ಗಿ ನೋಡಿದೆವು.